ಸಂದರ್ಶನದಲ್ಲಿ ಕೇಳಿಸಿದ ಕನ್ನಡ

ಇದನ್ನು ಬೇರೆ ಯಾರಾದರೂ ಹೇಳಿದ್ದರೆ, ನಿದ್ದೆ ಕಡಿಮೆಯಾಗಿದೆ, ಎರಡು ದಿನ ರಜೆ ಹಾಕಿ ಎಂದು ನಾನೇ ಹೇಳುತ್ತಿದ್ದೆ. ಮೂವತ್ತು ವರ್ಷ ರೋಗಿಗಳಿಗೆ ಅರಿವಳಿಕೆ ಕೊಟ್ಟವನು ನಾನು. ಮಂಪರು ಇಳಿಯುವಾಗ ಜನ ಏನೇನೋ ಕಂಡೆವು, ಕೇಳಿದೆವು ಎನ್ನುತ್ತಾರೆ. ಅದರಲ್ಲಿ ಒಂದನ್ನೂ ನಂಬಿದವನಲ್ಲ.

ಹೈದರಾಬಾದು ಇನ್ನೂ ಆಂಧ್ರದ ರಾಜಧಾನಿಯಾಗಿದ್ದ ಕಾಲ. ಸರ್ಕಾರಿ ನೌಕರಿಯಿಂದ ನಿವೃತ್ತನಾಗಿ ಮೆಹದಿಪಟ್ಟಣಂನ ಒಂದು ಚಿಕ್ಕ ಹೆರಿಗೆ ಆಸ್ಪತ್ರೆಗೆ ಹೋಗುತ್ತಿದ್ದೆ. ಆ ದಿನ ಬೆಳಿಗ್ಗೆ ಮೇಲಿನ ಮಹಡಿಯಲ್ಲಿ ಒಂದು ಸಿಸೇರಿಯನ್ ಮುಗಿಸಿ, ಇನ್ನೂ ಮಂಪರಿನಲ್ಲಿದ್ದ ಬಾಣಂತಿಯನ್ನು ನರ್ಸಿಗೆ ಒಪ್ಪಿಸಿ ಕೆಳಗಿಳಿದು ಬಂದೆ. ಹೊಸ ನರ್ಸ್ ಆಯ್ಕೆಗೆ ಸಂದರ್ಶನವಿತ್ತು. ಆಸ್ಪತ್ರೆಯ ಡಾಕ್ಟರಮ್ಮ, ಮೇಟ್ರನ್ ಮತ್ತು ನಾನು, ಮೂವರು ಕೂತಿದ್ದೆವು.

ಕೊನೆಗೆ ಬಂದವಳು ನಲವತ್ತೈದರ ಆಸುಪಾಸಿನ, ನಲ್ಗೊಂಡ ಕಡೆಯ ಹೆಂಗಸು. ಗಂಡನ ಕಾಯಿಲೆಯಿಂದ ಹತ್ತು ವರ್ಷ ಕೆಲಸ ಬಿಟ್ಟಿದ್ದಳು. ಅಭ್ಯಾಸಕ್ಕೆಂದು ಇಟ್ಟಿದ್ದ ರಬ್ಬರಿನ ಕೈಯೊಂದನ್ನು ಮುಂದಿಟ್ಟು ಸೂಜಿ ಹಾಕಲು ಹೇಳಿದೆವು. ಒಂದೇ ಸಲಕ್ಕೆ, ಎಷ್ಟು ಹಗುರವಾಗಿ ಹಾಕಿದಳೆಂದರೆ ಮೇಟ್ರನ್ ನನ್ನತ್ತ ನೋಡಿ ತಲೆಯಾಡಿಸಿದರು. ನಡುವೆ ಬಿಟ್ಟ ವರ್ಷಗಳ ಬಗ್ಗೆ ಡಾಕ್ಟರಮ್ಮ ಕೇಳಿದರು. ಅವಳು ತೆಲುಗಿನಲ್ಲಿ ಉತ್ತರಿಸುತ್ತಿದ್ದಳು. ಮಧ್ಯದಲ್ಲೇ ನನ್ನ ಕಡೆ ತಿರುಗಿ, ದನಿ ಏರಿಸದೆ, ನನ್ನೂರು ಬೀದರಿನಲ್ಲಿ ನಾವು ಮನೆಯಲ್ಲಿ ಆಡುವ ಕನ್ನಡದಲ್ಲಿ ಹೇಳಿದಳು:

"ಮ್ಯಾಲಿನ ಬಾಣಂತಿ ಉಸರಾಡಾಕತ್ತಿಲ್ರಿ. ಎದ್ದು ಹೋಗ್ರಿ."

ಕುರ್ಚಿ ಹಿಂದಕ್ಕೆ ಬಿದ್ದದ್ದೂ ತಿಳಿಯದೆ ಮೆಟ್ಟಿಲು ಹತ್ತಿದೆ. ಮಂಚದ ಬಳಿ ಯಾರೂ ಇರಲಿಲ್ಲ. ನರ್ಸ್ ಹೊರಗೆ ಫೋನಿನಲ್ಲಿದ್ದಳು. ಬಾಣಂತಿಯ ನಾಲಿಗೆ ಹಿಂದಕ್ಕೆ ಬಿದ್ದು ತುಟಿ ನೀಲಿಯಾಗಿತ್ತು. ಗದ್ದ ಮೇಲೆತ್ತಿ ಹಿಡಿದು ಆಮ್ಲಜನಕ ಕೊಟ್ಟೆ. ಒಂದು ಉಸಿರು ಬಂತು, ಆಮೇಲೆ ಇನ್ನೊಂದು. ಅವಳು ಕಣ್ಣು ಬಿಟ್ಟು ಮಗು ಎಲ್ಲಿ ಎಂದು ಕೇಳುವವರೆಗೂ ನಾನು ಕೈ ತೆಗೆಯಲಿಲ್ಲ.

ಕೆಳಗೆ ಬಂದಾಗ ಹಾಗೇಕೆ ಓಡಿದಿರಿ ಎಂದು ಇಬ್ಬರೂ ಕೇಳಿದರು. ಇವಳು ಹೇಳಿದಳಲ್ಲ ಎಂದೆ. ಅವರು ಮುಖ ಮುಖ ನೋಡಿಕೊಂಡರು. ಅವಳು ಗಂಡನ ಡಯಾಲಿಸಿಸ್ ಬಗ್ಗೆ ಹೇಳುತ್ತಿದ್ದಳಂತೆ, ಮಾತು ತೆಲುಗು ಬಿಟ್ಟು ಕದಲಿರಲಿಲ್ಲವಂತೆ. ಅವಳೂ ಗಾಬರಿಯಾಗಿ ಎದ್ದು ನಿಂತಳು. "ನಾಕು ಕನ್ನಡಂ ರಾದು ಸಾರ್" ಎಂದಳು, ತನಗೆ ಕನ್ನಡ ಬರುವುದೇ ಇಲ್ಲವೆಂದು. ಅವಳ ಮುಖದಲ್ಲಿ ಸುಳ್ಳಿರಲಿಲ್ಲ. ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಕೂತೆ.

ಅವಳು ಹೊರಗೆ ಹೋದ ಮೇಲೆ ಡಾಕ್ಟರಮ್ಮ, ಬಂದವರಲ್ಲೆಲ್ಲ ಇವಳ ಕೈಯೇ ಚೆನ್ನಾಗಿದೆ, ತೆಗೆದುಕೊಳ್ಳೋಣವೇ ಎಂದರು. ದಿನಾ ಅವಳ ಪಕ್ಕದಲ್ಲಿ ನಿಂತು ಕೆಲಸ ಮಾಡುವುದನ್ನು ನೆನೆಸಿಕೊಂಡು ಹೆದರಿದೆ. ಬೇಡ, ಹತ್ತು ವರ್ಷದ ಅಂತರ ದೊಡ್ಡದಾಯಿತು ಎಂದುಬಿಟ್ಟೆ. ಹಿರಿಯನ ಮಾತೆಂದು ಅವರು ಒಪ್ಪಿಕೊಂಡರು. ಅವಳು ವರಾಂಡದ ಬೆಂಚಿನಲ್ಲಿ ಕಾಯುತ್ತಿದ್ದಳು. ನಾನು ಹಿಂದಿನ ಬಾಗಿಲಿನಿಂದ ಹೋದೆ.

ಈಗ ಕೆಲಸ ಬಿಟ್ಟಿದ್ದೇನೆ. ವೃತ್ತಿಯಲ್ಲಿ ತೃಪ್ತಿ ಸಿಕ್ಕಿತೇ ಎಂದು ಕಿರಿಯ ವೈದ್ಯರು ಕೇಳುತ್ತಾರೆ. ಸಿಕ್ಕಿತು ಎನ್ನುತ್ತೇನೆ, ಬಹುಮಟ್ಟಿಗೆ ಅದು ನಿಜವೂ ಹೌದು. ಆ ಮಾತು ಆಡಿದವರು ಯಾರು, ನನಗೊಬ್ಬನಿಗೇ ಏಕೆ ಕೇಳಿಸಿತು ಎಂಬುದು ಇವತ್ತಿಗೂ ಗೊತ್ತಿಲ್ಲ. ಅವಳಿಗೆ ಬೇರೆಲ್ಲಾದರೂ ಕೆಲಸ ಸಿಕ್ಕಿತೋ ಇಲ್ಲವೋ, ಅದೂ ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳಬಹುದಿತ್ತು. ಧೈರ್ಯ ಬರಲಿಲ್ಲ.