ಇನ್ನೊಂದ ಇಡ ಕಾಕಾ

ಗೋವಾದ ಕೆಪೆಯಲ್ಲಿ ನಾನೂ ನನ್ನ ಗೆಳತಿಯೂ ಹನ್ನೆರಡು ವರ್ಷ ಜೊತೆಯಾಗಿ ಇಟ್ಟಿಗೆ ಹೊತ್ತೆವು. ಒಂದೇ ಬುತ್ತಿಯ ರೊಟ್ಟಿ ಮುರಿದೆವು, ಒಬ್ಬರ ತಲೆಯ ಹೇನು ಒಬ್ಬರು ನೋಡಿದೆವು. ಆದರೂ ನೆತ್ತಿಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಳ್ಳುವ ಮೊದಲು ಅವಳ ಕಣ್ಣು ಇಟ್ಟಿಗೆ ಪೇರಿಸಿದ ನನ್ನ ಹಲಗೆಯ ಕಡೆ ಹೋಗುತ್ತಿತ್ತು. ನಾನು ಎಂಟು ಇಟ್ಟಿಗೆ ಹೊತ್ತರೆ, ಪೇರಿಸಿಕೊಡುವ ಮುದುಕನಿಗೆ ಅವಳು, "ಇನ್ನೊಂದ ಇಡ ಕಾಕಾ" ಎನ್ನುವಳು. ನಾನು ಒಂಬತ್ತು ಹೊತ್ತ ದಿನ ಅವಳಿಗೆ ಹತ್ತು. ಈ ವಿಷಯವನ್ನು ನಾವು ಒಮ್ಮೆಯೂ ಬಾಯಿ ಬಿಟ್ಟು ಆಡಲಿಲ್ಲ.

ಒಂದು ದಿನ ನಾನು ಜ್ವರದಲ್ಲೇ ಕೆಲಸಕ್ಕೆ ಹೋದೆ. ನಾಲ್ಕು ಇಟ್ಟಿಗೆಗೇ ಕುತ್ತಿಗೆ ನಡುಗಿತು. ಅವಳು ನನ್ನ ಹಲಗೆ ನೋಡಿದಳು. ತನ್ನ ತಲೆಯ ಮೇಲೆ ಐದಾಗುತ್ತಲೇ ಮುದುಕನಿಗೆ ಸಾಕು ಎಂದಳು.

"ಏನವಾ, ದಿನಾ ಒಂಬತ್ತ ಹೊರಾಕಿ, ಇವತ್ತ ಬರೇ ಐದ?" ಎಂದು ಮೇಸ್ತ್ರಿ ರೇಗಿದ.

"ಇವತ್ತಿನ ಇಟ್ಟಂಗಿ ಭಾಳ ವಜ್ಜ ಅದಾವ್ರಿ. ಬೇಕಾದ್ರ ನೀವಽ ಹೊತ್ತ ನೋಡ್ರಿ," ಎಂದಳು.

ಸಂಜೆಯವರೆಗೂ ಬೈಸಿಕೊಂಡು ಅಷ್ಟೇ ಹೊತ್ತಳು, ನನ್ನೊಬ್ಬಳ ಮೇಲೆ ಮೇಸ್ತ್ರಿಯ ಕಣ್ಣು ಬೀಳದಿರಲೆಂದು. ಆದರೆ ಐದು. ನಾಲ್ಕಲ್ಲ.

ಜ್ವರ ಬಿಟ್ಟು ಮತ್ತೆ ಕೆಲಸಕ್ಕೆ ಹೋದ ಬೆಳಿಗ್ಗೆ, ಮುದುಕ ಹತ್ತು ಇಟ್ಟಿಗೆ ಪೇರಿಸಿ ಕೈ ಝಾಡಿಸಿಕೊಂಡ. ನಾನು ಕದಲಲಿಲ್ಲ. ಹಿಂದೆ ನಿಂತವಳಿಗೆ ಕೇಳುವಂತೆ, "ಇನ್ನೊಂದ ಇಡ ಕಾಕಾ" ಎಂದೆ.

ಅವಳು ತನ್ನ ಸಿಂಬಿ ಬಿಚ್ಚಿ, ಇನ್ನಷ್ಟು ದಪ್ಪಗೆ ಸುತ್ತತೊಡಗಿದಳು.