ಇಲ್ಲದ ಬಡ್ಡಿಗೆ ತೆರಿಗೆ

ತೆರಿಗೆ ತಪ್ಪಿಸಲು ಸುಳ್ಳು ಹೇಳುವವರನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಭೂಮಿಯನ್ನು ಎರಡು ಸುತ್ತು ಸುತ್ತಿ, ಮೂರನೆಯ ಸುತ್ತಿಗೆ ಜಾಗ ಸಾಲದೆ ಸಮುದ್ರಕ್ಕೆ ಇಳಿದೀತು. ಆದರೆ ಬಾರದ ಬಡ್ಡಿಯನ್ನು ಬಂದಿದೆ ಎಂದು ಸುಳ್ಳು ಹೇಳಿ, ಅದಕ್ಕೆ ಕೈಯಿಂದ ತೆರಿಗೆ ಕಟ್ಟಿದ ಪುಣ್ಯಾತ್ಮ ಒಬ್ಬನೇ. ಅವನು ಫ್ರಿಜ್ ರಿಪೇರಿ ಮಾಡುತ್ತಿದ್ದ.

ಅವನ ಹೆಸರು ಅವನ ಹೆಂಡತಿಗೇ ಮರೆತುಹೋಗಿರಬೇಕು. ಎಲ್ಲರ ಬಾಯಲ್ಲೂ ಅವನು ಫಾರಿನ್ ಭಾವ. ಭಾವ ಎಂದು ಕರೆಯುವ ಹಕ್ಕಿದ್ದದ್ದು ಹೆಂಡತಿಯ ತಮ್ಮನೊಬ್ಬನಿಗೆ. ಆದರೆ ದುಡ್ಡಿದ್ದವನಿಗೆ ನೆಂಟರಾಗಲು ಯಾರಿಗೆ ಬೇಸರ? ಇಡೀ ಬೀದಿಯೇ ಭಾಮೈದನಾಗಿ ಕೂತಿತ್ತು.

ಮದುವೆಗೆ ಮುಂಚೆ ಅವನು ನಾಲ್ಕು ವರ್ಷ ಹೊರದೇಶದ ಒಂದು ಬಂದರಿನಲ್ಲಿ, ಮೀನು ತುಂಬಿಡುವ ಗೋದಾಮಿನ ತಂಪು ಯಂತ್ರಗಳನ್ನು ನೋಡಿಕೊಂಡಿದ್ದ. ಆ ನಾಲ್ಕು ವರ್ಷವನ್ನು ಮುಂದಿನ ಇಪ್ಪತ್ತೈದು ವರ್ಷ ಹಿಟ್ಟು ನಾದಿದಂತೆ ನಾದಿ ನಾದಿ ಉಬ್ಬಿಸಿದ. ಅಲ್ಲಿನ ಒಂದು ಮೀನಿನ ಮೇಲೆ ಇಬ್ಬರು ಕೂತು ಇಸ್ಪೀಟು ಆಡಬಹುದಿತ್ತಂತೆ. ಗೋದಾಮಿನ ಚಳಿಗೆ ಗಡಿಯಾರದ ಮುಳ್ಳು ಮರಗಟ್ಟಿ, ಬೆಳಗಿನ ಪಾಳಿಯವರು ಮೂರು ದಿನ ಬೆಳಗಿನಲ್ಲೇ ಇದ್ದರಂತೆ. ಎಲ್ಲಕ್ಕೂ ಕೊನೆಯಲ್ಲಿ ಒಂದು ಮಾತು ಇದ್ದೇ ಇರುತ್ತಿತ್ತು: "ಅಲ್ಲಿಯ ಬ್ಯಾಂಕಲ್ಲಿ ನಂದೊಂದು ಖಾತೆ ಇದೆ. ಇರಲಿ ಬಿಡಿ, ಬೆಳೀತಾ ಇರಲಿ."

ಖಾತೆ ಇದ್ದದ್ದು ನಿಜ. ವಾಪಸ್ಸು ಬರುವ ದಿನ ಅದನ್ನು ಮುಚ್ಚಲು ಹೋದಾಗ ಕಿಟಕಿಯ ಗುಮಾಸ್ತ ಊಟಕ್ಕೆ ಹೋಗಿದ್ದನೆಂಬ ಒಂದೇ ಕಾರಣಕ್ಕೆ ಅದು ಉಳಿದಿತ್ತು. ಅದರಲ್ಲಿದ್ದ ದುಡ್ಡಿಗೆ ಒಂದು ಜೊತೆ ಚಪ್ಪಲಿ ಬರುತ್ತಿತ್ತು, ಚೌಕಾಸಿ ಮಾಡಿದರೆ. ವರ್ಷದ ಬಡ್ಡಿಗೆ ಅರ್ಧ ಲೋಟ ಕಾಫಿ. ಈ ಸಂಗತಿ ಅವನಿಗೆ ಗೊತ್ತಿತ್ತು, ಆ ಬ್ಯಾಂಕಿಗೆ ಗೊತ್ತಿತ್ತು. ಮೂರನೆಯವರಿಗೆ ಗೊತ್ತಿರಲಿಲ್ಲ.

ಹೆಂಡತಿಯ ತಮ್ಮ ಒಂದು ಪ್ರೆಸ್ಸಿನ ಮೇಲಿನ ಕೋಣೆಯಲ್ಲಿ ಕೂತು ಬೀದಿಯವರಿಗೆಲ್ಲ ತೆರಿಗೆಯ ರಿಟರ್ನ್ ತುಂಬಿಕೊಡುತ್ತಿದ್ದ. ಕೆಳಗೆ ಯಂತ್ರ ಓಡಿದರೆ ಮೇಲೆ ಅವನ ಕುರ್ಚಿ ತಾನಾಗಿ ಗೋಡೆಯ ಕಡೆ ಸರಿಯುತ್ತಿತ್ತು. ಲೆಕ್ಕದಲ್ಲಿ ಚುರುಕು, ಬಾಯಿಗೆ ಮಾತ್ರ ಬಾಗಿಲಿಲ್ಲ. ಅವನ ಕಿವಿಗೆ ಬಿದ್ದದ್ದು, ಹೇಳಿದವನು ಮೆಟ್ಟಿಲು ಇಳಿಯುವುದರೊಳಗೆ ಅವನ ಅಕ್ಕನ ಕಿವಿಯಲ್ಲಿರುತ್ತಿತ್ತು.

ಆ ವರ್ಷ ಅವನು ಪೆನ್ನು ಹಿಡಿದು ಕೇಳಿದ: "ಭಾವ, ಈ ಸಲ ನಿಮ್ಮ ಹೊರದೇಶದ ಬಡ್ಡಿ ತೋರಿಸ್ಲೇಬೇಕು."

"ಅದು ಅಲ್ಲಿಯ ವಿಷಯ ಕಣಯ್ಯ. ಇಲ್ಲಿಯವರಿಗೆ ಯಾಕೆ?"

"ಆ ಕಾಲ ಹೋಯ್ತು. ಈಗ ದೇಶದೇಶಗಳೂ ಅತ್ತೆ ನಾದಿನಿ ಥರ. ಒಬ್ಬರ ಮನೆ ಗುಟ್ಟು ಇನ್ನೊಬ್ಬರ ಮನೇಲಿ. ಎಲ್ಲಿ ಬಡ್ಡಿ ಬಂದ್ರೂ ಇಲ್ಲಿ ಬರೀಬೇಕು. ಹೇಳಿ, ಎಷ್ಟು?"

ಬೆಂಚಿನ ಮೇಲೆ ಸರದಿಗೆ ಕಾದಿದ್ದ ಬೇಕರಿಯವನೂ ಔಷಧದಂಗಡಿಯವನೂ ಉಸಿರು ಹಿಡಿದರು. ಅರ್ಧ ಲೋಟ ಕಾಫಿ ಎಂದು ಹೇಳಲು ಫಾರಿನ್ ಭಾವ ಬಾಯಿ ತೆರೆದ. ಇಪ್ಪತ್ತೈದು ವರ್ಷದ ಅಭ್ಯಾಸ, ಪಾಪ, ನಾಲಿಗೆ ತನ್ನ ದಾರಿ ತಾನೇ ಹಿಡಿಯಿತು.

"ಬರ್ಕೋ. ಒಂದೂವರೆ ಲಕ್ಷ."

"ಬ್ಯಾಂಕಿನ ಕಾಗದ?"

"ನಾನೇ ಕೂತಿದೀನಲ್ಲಯ್ಯ ಎದುರಿಗೆ! ಕಾಗದ ಬೇಕಂತೆ ಕಾಗದ."

ತೆರಿಗೆಯ ಮೊತ್ತ ಕೇಳಿದಾಗ ಅವನಿಗೆ ಕಣ್ಣು ಕತ್ತಲೆ ಬಂತು. ಸ್ಕೂಟರ್ ಮಾರಿ ಕಟ್ಟಿದ. ಕೇಳಿದವರಿಗೆ, "ಹೊರದೇಶದಲ್ಲಿ ದೊಡ್ಡ ದೊಡ್ಡ ಜನ ಎಲ್ಲ ನಡ್ಕೊಂಡೇ ಹೋಗೋದು" ಎಂದು, ಉಪಕರಣದ ಚೀಲವನ್ನೂ ಗ್ಯಾಸ್ ಸಿಲಿಂಡರನ್ನೂ ಹೆಗಲಿಗೇರಿಸಿ ದೊಡ್ಡ ಮನುಷ್ಯನಂತೆ ಏದುಸಿರು ಬಿಡುತ್ತ ನಡೆದ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹೆಂಡತಿ ಮನೆಯ ನಡುಹಾದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಯಾರಾದರೂ ಬಚ್ಚಲಿಗೆ ಹೋಗಬೇಕಾದರೆ ಅವಳು ಕುರ್ಚಿ ಬಿಟ್ಟು ಏಳಬೇಕು. ಮನೆಯ ಕೆಳಗೆ ಛತ್ರಿ ಅಂಗಡಿ ಇಟ್ಟಿದ್ದ ಛತ್ರಿ ತಾತ, ಮಂಡಿ ನೋವಿನಿಂದ ವ್ಯಾಪಾರ ಸಾಕು ಮಾಡಿ, ಅಂಗಡಿ ಮಾರುತ್ತೇನೆಂದು ಹೇಳಿದ್ದ. ತಮ್ಮ ಬಂದು ಬಡ್ಡಿಯ ಸಂಖ್ಯೆ ಹೇಳಿದ್ದೇ ತಡ, ಅವಳು ಮನಸ್ಸಿನಲ್ಲೇ ಅಸಲು ಲೆಕ್ಕ ಹಾಕಿದಳು. ಆ ಅಸಲಿಗೆ ಅಂಗಡಿಯೇನು, ಬೀದಿಯ ಒಂದು ಮಗ್ಗುಲೇ ಬರುತ್ತಿತ್ತು. ಹೊಲಿದು ಹೊಲಿದು ಕೂಡಿಟ್ಟಿದ್ದ ಅಷ್ಟೂ ದುಡ್ಡನ್ನು ಗಂಡನಿಗೆ ಒಂದು ಮಾತೂ ಹೇಳದೆ ತಾತನಿಗೆ ಮುಂಗಡ ಕೊಟ್ಟು ಬಂದಳು. ಉಳಿದದ್ದು ತಿಂಗಳ ಕೊನೆಗೆ ಕೊಡದಿದ್ದರೆ ಮುಂಗಡ ಮುಳುಗಿದಂತೆ.

"ರೀ, ಇಷ್ಟು ವರ್ಷದಲ್ಲಿ ಆ ದುಡ್ಡು ಕೇಳಿದೀನಾ? ಈಗ ಕೇಳ್ತಾ ಇದೀನಿ. ತರಿಸಿ" ಎಂದಳು.

"ತರಿಸೋಣ" ಎಂದ ಅವನು. ಅವಳು ತಟ್ಟೆಗೆ ಅನ್ನ ಬಡಿಸಿದಳು. ಅವಳ ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು. ಅವು ಇಷ್ಟೊಂದಿವೆ ಎಂದು ಅವನು ಅವತ್ತೇ ನೋಡಿದ್ದು.

ಅದೇ ವಾರ ತೆರಿಗೆ ಕಚೇರಿಯಿಂದ ಕರೆ ಬಂತು: ಬಡ್ಡಿ ಸರಿ, ಅಸಲು ಎಲ್ಲಿಂದ ಬಂತು? ಹಿಂದಿನ ವರ್ಷಗಳ ಬಡ್ಡಿ ಯಾಕೆ ತೋರಿಸಿಲ್ಲ? ದಂಡ ಯಾಕೆ ಹಾಕಬಾರದು? ದುಡ್ಡು ತರಿಸುವ ಕೆಲಸಕ್ಕೇ ಕರೆದಿದ್ದಾರೆಂದುಕೊಂಡು ಹೆಂಡತಿ ಒಳ್ಳೆಯ ಸೀರೆ ಉಟ್ಟು ಜೊತೆಗೆ ಹೊರಟಳು.

ಕಚೇರಿಯಲ್ಲಿ ಒಬ್ಬರು ಮೇಡಂ ಇದ್ದರು. ಮೇಜಿನ ಮೇಲಿನ ಫೈಲುಗಳ ಎತ್ತರಕ್ಕೆ ಅವರ ಕನ್ನಡಕ ಮಾತ್ರ ಕಾಣುತ್ತಿತ್ತು. ಫಾರಿನ್ ಭಾವ ಹೆಂಡತಿಯ ಮುಖ ನೋಡದೆ, ಬ್ಯಾಂಕಿನಿಂದ ತರಿಸಿದ್ದ ಲೆಕ್ಕವನ್ನು ಮುಂದಿಟ್ಟು ಒಂದೇ ಉಸಿರಿಗೆ ಹೇಳಿದ: "ಮೇಡಂ, ನನಗೆ ಒಂದೂವರೆ ಲಕ್ಷ ಬಡ್ಡಿ ಬಂದಿಲ್ಲ. ಇಷ್ಟೇ ಬಂದಿರೋದು, ಅರ್ಧ ಲೋಟ ಕಾಫಿಗೆ ಆಗೋವಷ್ಟು. ಅವತ್ತು ಸುಳ್ಳು ಹೇಳ್ಬಿಟ್ಟೆ."

ಮೇಡಂ ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಸುಳ್ಳು ಹೇಳಿ ತೆರಿಗೆ ಉಳಿಸಿಕೊಂಡವರನ್ನ ದಿನಾ ನೋಡ್ತೀನಿ. ಸುಳ್ಳು ಹೇಳಿ ಜಾಸ್ತಿ ಕಟ್ಟಿದವರಿಗೆ ನಮ್ಮ ಹತ್ರ ಕಾಲಮ್ಮೇ ಇಲ್ಲ. ಇದು ತೋರಿಸೋ ಖಾತೆ. ಅಸಲಿ ಖಾತೆ ಬೇರೆ ಎಲ್ಲಿದೆ, ಹೇಳಿ."

"ಆಣೆಗೂ ಇಲ್ಲ ಮೇಡಂ!"

"ಎಲ್ಲರೂ ಹಾಗೇ ಹೇಳೋದು."

ಹೆಂಡತಿ ಎದ್ದಳು. ಫ್ಯಾನು ತಿರುಗುವುದನ್ನು ನಿಲ್ಲಿಸಿತೆಂದು ಆಮೇಲೆ ಕಚೇರಿಯವರೇ ಹೇಳಿದರು.

"ಇಷ್ಟೇನಾ? ಇಷ್ಟಕ್ಕೇನಾ ಇಪ್ಪತ್ತೈದು ವರ್ಷ ನನ್ನನ್ನ ಕೂರಿಸಿದ್ದು? ನನಗೆ ಎರಡು ಹಲ್ಲು ನೋವು ಬಂದಾಗ ಒಂದು ಹಲ್ಲಿಗೆ ದುಡ್ಡು ಕೊಟ್ಟು ಕಳಿಸಿದ್ರಲ್ಲ, ಆಗೇನಂದ್ರಿ? ಅಲ್ಲೀದು ಮುಟ್ಟಬಾರದು, ಬೆಳೀತಾ ಇದೆ! ಏನ್ರೀ ಬೆಳೀತು? ನಿಮ್ಮ ನಾಲಿಗೆ ಬೆಳೀತು! ಬಚ್ಚಲ ಬಾಗಿಲಲ್ಲಿ ಕೂತು ಹೊಲಿದ ದುಡ್ಡು ಕಣ್ರೀ ಅದು, ತಾತನಿಗೆ ಕೊಟ್ಟುಬಂದಿದೀನಿ! ಈಗ ಯಾರ ತಲೆ ಮೇಲೆ ಛತ್ರಿ ಹಿಡೀಲಿ?"

ಮಾತು ಮಾತಿಗೆ ಹಿಂದಿನ ಬೆಂಚುಗಳು ತುಂಬಿದವು. ಪಕ್ಕದ ಕೋಣೆಯ ಗುಮಾಸ್ತರು ಊಟದ ಡಬ್ಬಿ ಸಮೇತ ಬಂದು ನಿಂತರು. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ಸಾಕಮ್ಮ, ಕೂತ್ಕೊಳ್ಳಿ. ಇಂಥ ಬೈಗುಳ ದುಡ್ಡಿರೋನ ಹೆಂಡತಿ ಬಾಯಲ್ಲಿ ಬರಲ್ಲ. ರಿಟರ್ನ್ ತಿದ್ದಿ ಕೊಡಿ, ಜಾಸ್ತಿ ಕಟ್ಟಿದ್ದು ವಾಪಸ್ ಬರುತ್ತೆ. ಆ ಅರ್ಧ ಕಾಫಿ ಬಡ್ಡಿ ಇದೆಯಲ್ಲ, ಅದನ್ನ ಮಾತ್ರ ಮರೀದೆ ತೋರಿಸಿ. ಎಷ್ಟೇ ಸಣ್ಣದಿದ್ರೂ ಬಡ್ಡಿ ಬಡ್ಡಿನೇ."

ದಂಡ ತಪ್ಪಿತು. ಆದರೆ ಸರ್ಕಾರದ ದುಡ್ಡು ವಾಪಸ್ಸು ಬರುವುದೂ ತಿಂಗಳ ಕೊನೆಯೂ ಒಂದೇ ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಬಂದರೂ ಅದು ಸ್ಕೂಟರಿನಷ್ಟು, ಅಂಗಡಿಯಷ್ಟಲ್ಲ. ಹೆಂಡತಿ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಛತ್ರಿ ತಾತನ ಅಂಗಡಿಯ ಎದುರು ನಿಂತು, "ನೀವೇ ಹೇಳಿ. ಮುಂಗಡ ವಾಪಸ್ ಕೇಳಿ. ಕೊಡದಿದ್ರೆ ಕಾಲು ಹಿಡೀರಿ" ಎಂದಳು.

ಬೇಕರಿಯವನು ಅಲ್ಲೇ ಇದ್ದ. ಔಷಧದಂಗಡಿಯವನೂ ಇದ್ದ. ಫಾರಿನ್ ಭಾವನ ಕಿವಿ ಕೆಂಪಾಯಿತು. ಹೆಂಡತಿಯ ಬೆರಳುಗಳತ್ತ ಒಮ್ಮೆ ನೋಡಿ, ಬೀದಿಗೆಲ್ಲ ಕೇಳುವಂತೆ ಹೇಳಿಬಿಟ್ಟ: "ತಾತ, ಹೊರದೇಶದಲ್ಲಿ ನಂದು ಏನೂ ಇಲ್ಲ. ಯಾವತ್ತೂ ಇರಲಿಲ್ಲ. ಮುಂಗಡ ವಾಪಸ್ ಕೊಟ್ಬಿಡಿ."

ಛತ್ರಿ ತಾತ ಅವನನ್ನು ನೋಡಿದ. ಆಮೇಲೆ ಬೇಕರಿಯವನ ಕಡೆ ಕಣ್ಣು ಮಿಟುಕಿಸಿದ.

"ತೆರಿಗೆಯವರು ಕರೆಸಿದ್ರಂತಲ್ಲ, ಭಾವ?"

"ಹೌದು, ಈಗ ತಾನೆ…"

"ಗೊತ್ತಾಯ್ತು ಬಿಡಿ. ಇರೋರು ಹೀಗೇ ಹೇಳ್ಬೇಕು." ತಾತ ದನಿ ತಗ್ಗಿಸಿದ. "ಈಗ ಆ ದುಡ್ಡು ಹೊರಗೆ ತೆಗೀಬೇಡಿ, ಕಣ್ಣಿಗೆ ಬೀಳುತ್ತೆ. ಅಂಗಡಿ ನಿಮ್ಮ ಮನೆಯವರು ಇಟ್ಕೊಳ್ಳಲಿ. ಮುಂಗಡ ಇದೆ, ಉಳಿದದ್ದು ತಿಂಗಳು ತಿಂಗಳು ಕೈಲಾದಷ್ಟು ಕೊಡಲಿ. ನಿಮ್ಮಂಥೋರ ಹತ್ರ ಬಾಕಿ ಇದ್ರೆ ನನಗೆ ಬ್ಯಾಂಕಲ್ಲಿ ಇಟ್ಟ ಹಾಗೆ."

"ಎಂಥಾ ಗಟ್ಟಿ ಆಸಾಮಿ!" ಎಂದ ಔಷಧದಂಗಡಿಯವನು. "ಇಲ್ಲವೇ ಇಲ್ಲ ಅಂತ ಎಷ್ಟು ಚೆನ್ನಾಗಿ ಹೇಳ್ತಾರೆ!"

ಒಮ್ಮೆ ನಿಜ ಹೇಳಿದ ರುಚಿ ಹತ್ತಿದ್ದ ಫಾರಿನ್ ಭಾವನಿಗೆ ತಡೆಯಲಾಗಲಿಲ್ಲ. "ಅಲ್ಲ ತಾತ, ನಿಜವಾಗಿ ಹೇಳ್ತೀನಿ, ನನ್ನ ಹತ್ರ…"

ಹೆಂಡತಿಯ ಚಪ್ಪಲಿ ಅವನ ಪಾದದ ಮೇಲೆ ಬಂದು ಕೂತಿತು. ಅದರ ಹಿಂದೆ ಅವಳ ಪೂರ್ತಿ ತೂಕವಿತ್ತು.

"ಇವರು ಹಾಗೇ ತಾತ, ಮನೇಲೂ ಇಷ್ಟೇ, ಬಾಯಿ ಬಿಡಲ್ಲ" ಎಂದು ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಹೊಲಿಗೆ ಯಂತ್ರ ಯಾವ ಗೋಡೆಗೆ ಹಿಡಿಸುತ್ತದೆಂದು ಗೇಣು ಹಾಕಿ ಅಳೆಯತೊಡಗಿದಳು.