ಹುಣಸೆಹಣ್ಣಿನಲ್ಲಿ ತಿಕ್ಕಿದ ಕಲ್ಲು

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಕಲ್ಲಿನ ಮೇಲೆ ಹಸಿರು ಇತ್ತು ಎಂಬುದನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಕಲ್ಯಾಣದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಸೋದರತ್ತೆಯ ಮನೆ. ಬೇಸಿಗೆ ರಜೆಗೆ ಅಲ್ಲಿಗೆ ಹೋದಾಗ ಹಿತ್ತಿಲಲ್ಲಿದ್ದ ಬಿಳಿಯ ಬೆಣಚುಕಲ್ಲಿನ ಮೇಲೆ ಪಾಚಿಯಲ್ಲದ ಒಂದು ಹಸಿರನ್ನು ನೋಡಿದ್ದೆ. ಅದರ ಬಿರುಕಿನಿಂದ ಹೊಳೆಯುವ ಬೂದು ಚೂರೊಂದನ್ನು ಉಗುರಿನಲ್ಲಿ ಎಬ್ಬಿಸಿ ಗೋಡೆಯ ಮೇಲೆ ಗೀಚಿದ್ದೂ ನೆನಪಿದೆ. ಗೀಚಿದ್ದು ಆ ಚೂರಿನಿಂದಲೋ, ಟಾರ್ಚಿನ ಸೆಲ್ಲು ಒಡೆದು ತೆಗೆದ ಕಪ್ಪು ಕಡ್ಡಿಯಿಂದಲೋ, ಆಣೆ ಮಾಡಿ ಹೇಳಲಾರೆ. ಆಗ ಮಕ್ಕಳೆಲ್ಲ ಸೆಲ್ಲಿನ ಕಡ್ಡಿಯಲ್ಲೇ ಗೋಡೆ ಹಾಳು ಮಾಡುತ್ತಿದ್ದೆವು. ಎರಡು ಬೇಸಿಗೆಗಳು ಬೆರೆತು ಒಂದಾಗಿರಲೂಬಹುದು.

ಇದು ಬರೀ ಬಾಲ್ಯದ ನೆನಪಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಗ್ರಾನೈಟ್ ಬಂಡೆಗಳ ಒಳಗೆ ಹಾದುಹೋಗಿರುವ ಬೆಣಚುಕಲ್ಲಿನ ಪಟ್ಟೆಗಳಲ್ಲಿ ತಾಮ್ರ ಮತ್ತು ಮಾಲಿಬ್ಡಿನಂ ಇವೆಯೇ ಎಂಬುದು ನನ್ನ ಪಿಎಚ್‌ಡಿಯ ವಿಷಯ. ಮಾಲಿಬ್ಡಿನಂ ಎಂದರೆ ಉಕ್ಕು ಗಟ್ಟಿಯಾಗಲೆಂದು ಬೆರೆಸುವ ಲೋಹ. ಅದರ ಅದಿರು ನೋಡಲು ಪೆನ್ಸಿಲ್ಲಿನ ಕಡ್ಡಿಯಂತೆಯೇ ಇರುತ್ತದೆ, ಮುಟ್ಟಿದರೆ ಜಿಡ್ಡುಜಿಡ್ಡು, ಬೆರಳಿಗೆ ಹತ್ತಿಕೊಳ್ಳುತ್ತದೆ. ಎಷ್ಟೋ ಕಡೆ ತಾಮ್ರದ ಜೊತೆಯಲ್ಲೇ ಸಿಗುತ್ತದೆ. ತಾಮ್ರ ಗಾಳಿ ನೀರು ತಾಗಿ ಹಸಿರಾಗುತ್ತದೆ. ಹಾಗಾಗಿ ಬಿಳಿ ಕಲ್ಲಿನ ಮೇಲೆ ಹಸಿರು ಕಂಡರೆ ನನ್ನಂಥವರು ನಿಂತು ನೋಡುತ್ತೇವೆ.

ನನಗೆ ಕಂಡಿದ್ದೆಲ್ಲ ಬರೀ ಬಿಳಿ. ಹಿಂದೂಪುರದ ಸುತ್ತ, ಚಿಲಮತ್ತೂರಿನ ಹೆದ್ದಾರಿಯ ಪಕ್ಕ, ಗೋರಂಟ್ಲದ ಆಚೆಯ ಗುಡ್ಡಗಳಲ್ಲಿ ಬಿಸಿಲಿಗೆ ಮುಖ ಸುಟ್ಟುಕೊಂಡು ತಂದ ಕಲ್ಲುಗಳಲ್ಲಿ ಒಂದರಲ್ಲೂ ಏನೂ ಇರಲಿಲ್ಲ. ಮನೆಯ ಜಗಲಿ ತುಂಬ ಅವುಗಳ ಚೀಲಗಳೇ. "ಇಷ್ಟೊಂದು ಕಲ್ಲು ಹೊತ್ಕೊಂಡು ಬಂದಿದ್ದೀಯ, ಕಾಂಪೌಂಡಾದ್ರೂ ಕಟ್ಸಬಾರ್ದೇನೇ," ಎಂದು ಅಮ್ಮ ಒಂದು ಬೆಳಿಗ್ಗೆ ಕಸ ಗುಡಿಸುತ್ತಾ ಕೇಳಿದಳು. ನಗು ಬರಬೇಕಿತ್ತು, ಬರಲಿಲ್ಲ.

ನನ್ನ ಗೈಡ್ ಕೆಟ್ಟವರಲ್ಲ. ಆದರೆ ಈ ಬೇಸಿಗೆಯೊಳಗೆ ಕಲ್ಯಾಣದುರ್ಗದ ಕಡೆ ಅದಿರಿರುವ ಒಂದು ಪಟ್ಟೆಯನ್ನಾದರೂ ತೋರಿಸಬೇಕು, ಇಲ್ಲವಾದರೆ ಪ್ರಬಂಧದ ಆ ಅರ್ಧವನ್ನು ಕೈಬಿಡಿ ಎಂದುಬಿಟ್ಟಿದ್ದರು. ತೋರಿಸಬೇಕಾದ್ದು ಬಿದ್ದ ಕಲ್ಲಲ್ಲ, ನೆಲಕ್ಕೆ ಕಚ್ಚಿಕೊಂಡಿರುವ ಬಂಡೆ. ಆ ಅರ್ಧ ಹೋದರೆ ನನ್ನ ಪ್ರಬಂಧದಲ್ಲಿ ಉಳಿಯುವುದು ಏನೂ ಸಿಗಲಿಲ್ಲ ಎಂಬ ವರದಿ ಮಾತ್ರ. ಆಗ ಅತ್ತೆಯ ಹಿತ್ತಿಲಿನ ಕಲ್ಲು ನೆನಪಾಯಿತು. ಬೇಕಾದಾಗ ಸರಿಯಾಗಿ ಒದಗಿಬರುವ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಆದರೂ ಬಸ್ಸು ಹತ್ತಿದೆ.

ಆ ಕಲ್ಲು ಸುಮ್ಮನೆ ಬಿದ್ದಿದ್ದ ಕಲ್ಲಲ್ಲ. ಅತ್ತೆಯ ಮನೆತನದಲ್ಲಿ ಬಾವಿ ತೋಡುವಾಗ ಯಾವ ಬಂಡೆಯ ಸಂದಿನಿಂದ ಮೊದಲು ನೀರು ಬರುತ್ತದೋ ಆ ಬಂಡೆಯ ಒಂದು ತುಂಡನ್ನು ತಂದು ಗಂಗಮ್ಮ ಎಂದು ಹಿತ್ತಿಲಲ್ಲಿ ಕೂರಿಸುತ್ತಾರೆ. ಅಂದರೆ ಆ ಕಲ್ಲಿಗೊಂದು ಬಾವಿ ಇರಲೇಬೇಕು. ಬಾವಿ ಸಿಕ್ಕಿದರೆ ಪಟ್ಟೆ ಸಿಕ್ಕಂತೆ. ದಾರಿಯುದ್ದಕ್ಕೂ ಇದೇ ಲೆಕ್ಕ ಹಾಕಿಕೊಂಡು ಹೋದೆ.

ಹಿತ್ತಿಲಲ್ಲಿ ಕಲ್ಲು ಇತ್ತು. ಅರಿಶಿನ ಕುಂಕುಮ ಬಿಟ್ಟರೆ ಅಚ್ಚ ಬಿಳುಪು.

"ಅತ್ತೆ, ಇದ್ರ ಮೇಲೆ ಹಸ್ರು ಇತ್ತಲ್ಲ, ಎಲ್ಲೋಯ್ತು?"

"ಯಾವ ಹಸ್ರಮ್ಮಾ?"

"ತಾಮ್ರದ ಚೊಂಬಿಗೆ ಹತ್ಕೊಳ್ತದಲ್ಲ, ಆ ಥರ."

"ಓ, ಕಿಲುಬಾ? ದೇವ್ರ ಮೈಮೇಲೆ ಯಾರಾನಾ ಕಿಲುಬು ಬಿಡ್ತಾರಾ? ವಾರ ವಾರ ಚೊಂಬು ಬೆಳಗಿದ ಹುಣಸೆಹಣ್ಣಾಗೇ ಅಮ್ಮನ್ನೂ ತಿಕ್ತೀನಿ. ಮೊದ್ಲು ಎಷ್ಟು ತಿಕ್ಕಿದ್ರೂ ತಿರ್ಗಾ ಬತ್ತಿತ್ತು. ಈಗ ನೋಡು, ಎಂತ ಲಕ್ಷಣವಾಗವ್ಳೆ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪ್ರಯೋಗಾಲಯದಲ್ಲಿ ಆಮ್ಲದಿಂದ ಹಸಿರು ಕರಗಿಸುವ ಕೆಲಸವನ್ನು ಅತ್ತೆಯ ಹುಣಸೆಹಣ್ಣು ವರ್ಷಗಟ್ಟಲೆ ಭಕ್ತಿಯಿಂದ ಮಾಡಿತ್ತು. ಅದು ಕಿಲುಬೇ ಆಗಿತ್ತು, ಅತ್ತೆ ತಪ್ಪು ಹೇಳಿರಲಿಲ್ಲ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಕಲ್ಲಿನ ಹಿಂಬದಿಯ ಬಿರುಕಿಗೆ ಮಾತ್ರ ಅವಳ ಕೈ ಹೋಗಿರಲಿಲ್ಲ. ಅಲ್ಲಿ ಉಗುರಿನ ತುದಿಯಷ್ಟು ಬೂದು ಹೊಳಪು ಕಂಡಿತು. ದೇವರ ಕಲ್ಲಿಗೆ ಸುತ್ತಿಗೆ ಮುಟ್ಟಿಸುವಂತಿಲ್ಲ. ಒಂದು ಪದರವನ್ನು ಸೂಜಿಯಲ್ಲಿ ಎಬ್ಬಿಸಿ, ಒಡೆದ ಪಿಂಗಾಣಿ ಕಪ್ಪಿನ ಚೂರಿನ ಮೇಲೆ ಎಳೆದೆ. ಪಕ್ಕದಲ್ಲಿ ನನ್ನ ಪೆನ್ಸಿಲ್ಲಿನ ಒಂದು ಗೆರೆ. ಪೆನ್ಸಿಲ್ಲಿನದು ಕಪ್ಪಾಗಿತ್ತು, ಕಲ್ಲಿನದರಲ್ಲಿ ತೆಳ್ಳಗೆ ಹಸಿರು ಛಾಯೆ ಇತ್ತು. ಮಾಲಿಬ್ಡಿನಂ ಅದಿರು ಗೆರೆ ಬಿಡುವುದು ಹಾಗೆಯೇ. ಫೋಟೋ ತೆಗೆದು ಗೈಡ್‌ಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಚೆನ್ನಾಗಿದೆ. ಜಾಗ ಯಾವುದು?"

ಜಾಗ ಯಾವುದು ಎಂದು ಅತ್ತೆಯನ್ನು ಕೇಳಿದೆ. "ಇನ್ಯಾವುದು, ಕೆಳಗಿನ ಹೊಲದ ಬಾವಿ," ಎಂದಳು. ಅತ್ತೆಯ ಮಗ, ನನಗೆ ಭಾವ, ಕಲ್ಯಾಣದುರ್ಗದಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟಿದ್ದಾನೆ. ಊಟಕ್ಕೆ ಬಂದವನೇ ಬೈಕಿನಲ್ಲಿ ಕರೆದುಕೊಂಡು ಹೋದ.

ಬಾವಿ ಮುಚ್ಚಿತ್ತು. ಪಕ್ಕದಲ್ಲಿ ಬೋರ್‌ವೆಲ್. ಆದರೆ ಬಾವಿ ತೋಡಿದಾಗ ಎತ್ತಿಹಾಕಿದ ಕಲ್ಲಿನ ಗುಡ್ಡೆ ಬದುವಿನ ಮೇಲೆ ಇನ್ನೂ ಇತ್ತು. ಬಾವಿಯೊಳಗೆ ಏನಿತ್ತೆಂದು ತಿಳಿಯಲು ಗುಡ್ಡೆ ನೋಡಿದರೆ ಸಾಕು. ಬಿಸಿಲಿನಲ್ಲಿ ಒಂದೊಂದೇ ಕಲ್ಲು ಮಗುಚಿ ನೋಡಿದೆ. ಎಲ್ಲವೂ ಗುಲಾಬಿ ಬಣ್ಣದ ಗ್ರಾನೈಟ್. ಬೆಣಚುಕಲ್ಲಿನ ಒಂದು ಹರಳೂ ಇರಲಿಲ್ಲ.

"ಏನ್ ಡಾಕ್ಟರಮ್ಮ, ಸಿಕ್ತಾ ಬಂಗಾರ?" ಭಾವ ಬೇವಿನ ನೆರಳಲ್ಲಿ ಕೂತು ಕೇಳಿದ.

"ಇನ್ನೂ ಡಾಕ್ಟರಾಗಿಲ್ಲ. ಬಂಗಾರಾನೂ ಅಲ್ಲ. ಆ ಕಲ್ಲು ಈ ಬಾವೀದಲ್ಲ ಭಾವ."

ಅವನ ಮುಖದ ನಗು ಹೋಯಿತು. "ಯಾವ್ದಾದ್ರೆ ಏನೀಗ? ಪಕ್ಕದ ಹೊಲ ನೋಡ್ದಾ? ಯಾರೋ ಬಂದು ಬಂಡೆ ಮೇಲೆ ಕೆಂಪು ಪೇಂಟ್ ಬಳ್ದ್ಬುಟ್ಟು ಹೋದ್ರು. ಎಂದುಕಯ್ಯಾ, ಯಾಕಿದು ಅಂದ್ರೆ ಸರ್ವೇ ಅಂದ್ರು. ಅವ್ರು ತಿರುಗಿ ಬರ್ಲಿಲ್ಲ. ಆ ಹೊಲದೋನು ಮಾರಾಕೆ ಹೋದ್ರೆ ಕೊಳ್ಳಾಕೆ ಬಂದೋರು ಆ ಕೆಂಪು ನೋಡಿ, ಗಣಿಗೆ ಹೋಗೋ ಹೊಲ ಅಂತ ಹಂಗೇ ವಾಪಸ್ ಹೋಯ್ತಾರೆ. ನೀನು ಪುಸ್ತಕದಾಗೆ ನಮ್ಮೂರು ಹೆಸರು ಬರ್ದ್ಬುಟ್ಟು ಹಿಂದೂಪುರಕ್ಕೆ ಹೋಯ್ತೀಯ. ನಾವು?"

ಇಷ್ಟೇ ಇಷ್ಟು ಹೊಳಪಿದ್ದ ಮಾತ್ರಕ್ಕೆ ಗಣಿ ಆಗುವುದಿಲ್ಲ, ನನ್ನ ಪ್ರಬಂಧವನ್ನು ನಾಲ್ಕು ಜನ ಓದಿದರೆ ಹೆಚ್ಚು ಎಂದು ವಿವರಿಸಿದೆ. ನಿಜವನ್ನೇ ಹೇಳುತ್ತಿದ್ದೆ. ಆದರೆ ಹೇಳುತ್ತಾ ಹೇಳುತ್ತಾ ನನಗೇ ಅದು ಪೇಂಟ್ ಬಳಿದು ಹೋದವರ ಮಾತಿನಂತೆ ಕೇಳಿಸಿತು. ಅವನು ಬೈಕ್ ಸ್ಟಾರ್ಟ್ ಮಾಡಿದ.

ಸಂಜೆ ಅತ್ತೆಗೆ ಗುಡ್ಡೆಯ ವಿಷಯ ಹೇಳಿದೆ. "ಹಂಗಾದ್ರೆ ಮೇಲಿನ ಹೊಲದ್ದೇ ಇರಬೇಕು," ಎಂದಳು. ಮೇಲಿನ ಹೊಲ ಎಲ್ಲಿ ಎಂದರೆ, ಅದನ್ನು ಎಂದೋ ಮಾರಿದೆವು ಎಂದಳು. ಸೊಪ್ಪು ಸೋಸುತ್ತಾ ಇನ್ನೊಂದು ಸಲ ಯೋಚಿಸಿ, ಅದು ಇಲ್ಲಿಯದೇ ಅಲ್ಲವೇನೋ, ಬ್ರಹ್ಮಸಮುದ್ರದ ಕಡೆ ಅವಳ ಅತ್ತೆಯ ತವರಿನವರ ಬಾವಿಯದಿರಬೇಕು, ಗಾಡಿಯಲ್ಲಿ ತಂದಿದ್ದರು ಎಂದಳು. ಅಡುಗೆಮನೆಯ ಬಾಗಿಲಲ್ಲಿ ಭಾವ ನಿಂತಿದ್ದ. ಅತ್ತೆ ಒಮ್ಮೆ ಅವನ ಕಡೆ ನೋಡಿದಳು ಎಂದು ನನಗನ್ನಿಸಿತು. ಹಾಗೆ ನೋಡಿದಳೋ, ನನ್ನ ಸಿಟ್ಟು ಹಾಗೆ ತೋರಿಸಿತೋ, ಈಗ ಬರೆಯುವಾಗಲೂ ತಿಳಿಯದು.

ಒಂದೇ ಕಲ್ಲಿಗೆ ಮೂರು ಬಾವಿ. ಮುದುಕಿಯ ಮರೆವು ಎಂದುಕೊಂಡರೆ ಸುಲಭ. ನನ್ನ ಎರಡು ಬೇಸಿಗೆಗಳೇ ಬೆರೆತಿರುವಾಗ ಅವಳದು ಬೆರೆತರೆ ಆಶ್ಚರ್ಯವೇನು? ಆದರೆ ಇದೇ ಅತ್ತೆ ಅದೇ ರಾತ್ರಿ ಊಟ ಬಡಿಸುತ್ತಾ, ನನ್ನ ನಾಮಕರಣದ ದಿನ ಪಾಯಸಕ್ಕೆ ಬೆಲ್ಲ ಸಾಲದೆ ಯಾರ ಮನೆಯಿಂದ ತರಿಸಿದ್ದರು, ಆ ಮನೆಯವರು ಏನಂದಿದ್ದರು ಎಂದೆಲ್ಲ ಹೇಳಿದ್ದಳು. ಗಂಗಮ್ಮ ಯಾವ ಬಾವಿಯವಳು ಎಂಬುದು ಮಾತ್ರ ಮರೆತುಹೋಯಿತೆ?

ಬೆಳಿಗ್ಗೆ ಗೈಡ್ ಮತ್ತೆ ಕೇಳಿದ್ದರು. ಉತ್ತರ ಬರೆಯಲು ಹೋಗಿ ಅಳಿಸಿದೆ. ಬಸ್ಸಿನವರೆಗೆ ಅತ್ತೆ ಬಂದಳು. ದಾರಿಯಲ್ಲಿ ಅಮ್ಮನ ಮಂಡಿನೋವು ವಿಚಾರಿಸಿದಳು, ನನ್ನ ಮದುವೆಯ ಮಾತೆತ್ತಿ ತಾನೇ ಬಿಟ್ಟಳು. ನನ್ನ ಚೀಲಕ್ಕೆ ಕಡಲೆಕಾಯಿ ತುರುಕಿ, "ಪರೀಕ್ಷೆ ಪಾಸಾಗ್ತೀಯ ಬಿಡು, ನಮ್ಮ ಗಂಗಮ್ಮ ಕೈ ಬಿಡಾಕಿಲ್ಲ," ಎಂದಳು. ಇದು ಪರೀಕ್ಷೆಯಲ್ಲ ಎಂದು ಮತ್ತೆ ವಿವರಿಸುವ ಶಕ್ತಿ ಇರಲಿಲ್ಲ. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಅವಳ ಕೈ ಹಿಡಿದು ಕೇಳಿದೆ:

"ಅತ್ತೆ, ನಿಜ ಹೇಳು, ನಿಂಗೆ ಆ ಬಾವಿ ನೆನಪಿಲ್ವಾ, ಇಲ್ಲಾ ನಂಗೆ ಹೇಳ್ಬಾರ್ದು ಅಂತ ಇದ್ದೀಯಾ?"